ಹೆಣ್ಣನ್ನು ತೂಗುವ ಹಕ್ಕು ಯಾರಿಗಿದೆ?

ಬೋಗಾದಿಯ ನಮ್ಮ ಸಂಘದ ಸದಸ್ಯೆಯೊಬ್ಬಳು ಕಳೆದ ತಿಂಗಳು ಕಂತು ಕಟ್ಟಲು ಬಂದವಳು ಸಭೆ ಮುಗಿದರೂ ಏಳಲಿಲ್ಲ. ಅವಳ ಹೆಸರು ಇಲ್ಲಿ ಬೇಡ. ಮೂವತ್ತೆರಡು ವರ್ಷ, ಎರಡು ಹೆರಿಗೆ, ಮೂರು ಮನೆಗಳ ಅಡುಗೆ ಕೆಲಸ. ಅವಳ ಗಂಡ ಮನೆಗೊಂದು ತೂಕದ ಯಂತ್ರ ತಂದಿದ್ದಾನೆ. ಪ್ರತಿ ಭಾನುವಾರ ಬೆಳಿಗ್ಗೆ ಅತ್ತೆಯ ಎದುರಿಗೆ ಅವಳು ಅದರ ಮೇಲೆ ನಿಲ್ಲಬೇಕು. ಅಂಕಿ ಇಳಿಯದಿದ್ದರೆ ಅಂದು ರಾತ್ರಿ ಅವಳಿಗೆ ಊಟವಿಲ್ಲ. "ನಿಮ್ಮಪ್ಪ ಹಾಕಿದ್ದು ಐವತ್ತು ಗ್ರಾಂ, ನೀನು ತೂಗೋದು ಎಪ್ಪತ್ತು ಕೇಜಿ" ಎನ್ನುವುದು ಆ ಮನೆಯಲ್ಲಿ ನಗೆಯ ಮಾತು!

ಇವಳೇನು ಸುಮ್ಮನೆ ಕೂತವಳಲ್ಲ. ಮೂರು ತಿಂಗಳಿಂದ ನಸುಕಿನಲ್ಲೆದ್ದು ಮಾನಸಗಂಗೋತ್ರಿಯ ಕಡೆಗೆ ನನ್ನ ಜೊತೆ ನಡೆಯುತ್ತಿದ್ದಾಳೆ. ಸಕ್ಕರೆ, ಕರಿದ ತಿಂಡಿ ಬಿಟ್ಟಿದ್ದಾಳೆ. ರವಿಕೆಗಳಿಗೆ ಎರಡು ಸಲ ಹೊಲಿಗೆ ಹಿಡಿಸಿದ್ದಾಳೆ. ಕೆಲಸದ ಮನೆಯ ಮೂರನೇ ಮಹಡಿಗೆ ಈಗ ಏದುಸಿರಿಲ್ಲದೆ ಹತ್ತುತ್ತಾಳೆ. ಯಂತ್ರ ಮಾತ್ರ ಮೂರು ತಿಂಗಳಲ್ಲಿ ಒಂದೇ ಕೇಜಿ ಇಳಿದು, ಒಂದು ವಾರ ಅರ್ಧ ಕೇಜಿ ಮೇಲಕ್ಕೇ ಹೋಯಿತು. "ಕದ್ದು ತಿಂದಿಲ್ಲ ಮೇಡಂ, ಮಕ್ಕಳಾಣೆ" ಎಂದು ಅತ್ತಳು. ತರಗತಿಗೆ ತಡವಾಗಿ ಬಂದ ಹುಡುಗಿಯರಿಂದ ಎಷ್ಟೋ ಸಮಜಾಯಿಷಿ ಕೇಳಿದವಳು ನಾನು. ಎರಡು ಮಕ್ಕಳ ತಾಯಿ ತನ್ನ ಮೈಗೆ ಸಮಜಾಯಿಷಿ ಕೊಡುವುದನ್ನು ಕೇಳಿ ನನಗೆ ಬಂದದ್ದು ಸಿಟ್ಟು.

ಸೋದರಿಯರೆ, ಯಂತ್ರಕ್ಕೆ ಗೊತ್ತಿರುವುದು ಒಟ್ಟು ಭಾರ ಮಾತ್ರ. ಅದರಲ್ಲಿ ಮೂಳೆ ಎಷ್ಟು, ಸ್ನಾಯು ಎಷ್ಟು, ಕೊಬ್ಬೆಷ್ಟು, ನೀರೆಷ್ಟು ಎಂಬುದು ಅದಕ್ಕೆ ತಿಳಿಯದು. ಒಂದು ಕೇಜಿ ಕೊಬ್ಬು ಹಿಡಿಯುವ ಜಾಗಕ್ಕಿಂತ ಒಂದು ಕೇಜಿ ಸ್ನಾಯು ಹಿಡಿಯುವ ಜಾಗ ಕಡಿಮೆ. ದಿನವೂ ನಡೆದು, ಭಾರ ಎತ್ತಿ, ಕಾಳು ಮೊಟ್ಟೆ ತಿನ್ನುವವಳ ಕೊಬ್ಬು ಕರಗುತ್ತಿರುವಾಗಲೇ ಸ್ನಾಯು ಬಲಿಯಬಹುದು. ಸೊಂಟ ಇಳಿಯುತ್ತದೆ, ಅಂಕಿ ಅಲ್ಲೇ ನಿಲ್ಲುತ್ತದೆ. ಹೊಸದಾಗಿ ವ್ಯಾಯಾಮಕ್ಕಿಳಿದ ಸ್ನಾಯು ನೀರು ಹಿಡಿಯುತ್ತದೆ. ಮುಟ್ಟಿನ ದಿನಗಳ ಹಿಂದುಮುಂದು ಒಂದೆರಡು ಕೇಜಿ ಏರುಪೇರಾಗುವುದೂ ಉಂಟು. ಅದೇ ಉಪವಾಸ ಕೆಡವಿದರೆ ಅಂಕಿ ಬೇಗ ಇಳಿಯುತ್ತದೆ, ಗಂಡನಿಗೆ ಸಂತೋಷವಾಗುತ್ತದೆ. ಆದರೆ ಕೊಬ್ಬಿನ ಜೊತೆ ಅವಳ ಸ್ನಾಯುವೂ ಕರಗಿರುತ್ತದೆ.

ಇದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುತ್ತೇವಲ್ಲ, ಅಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಅಧ್ಯಯನ ಆರಂಭವಾಯಿತು. ಹುಟ್ಟಿದ ಕೂಸುಗಳನ್ನು ತೂಗಿ ಬಿಟ್ಟುಬಿಡಲಿಲ್ಲ; ತೋಳು, ಹೊಟ್ಟೆಯ ಸುತ್ತಳತೆ, ಬೆನ್ನ ಚರ್ಮದ ಮಡಿಕೆಯನ್ನೂ ಅಳೆದರು. ಇಂಗ್ಲೆಂಡಿನ ಕೂಸುಗಳಿಗಿಂತ ನಮ್ಮವು ಹಗುರ, ಗಾತ್ರದಲ್ಲೂ ಚಿಕ್ಕವು. ಬೆನ್ನಿನ ಕೊಬ್ಬು ಮಾತ್ರ ಆ ಕೂಸುಗಳಿಗೆ ಹೆಚ್ಚುಕಡಿಮೆ ಸಮವಾಗಿತ್ತು. ತೂಕವನ್ನೇ ನಂಬಿದ್ದರೆ ಇದು ಕಾಣುತ್ತಿತ್ತೇ? ಇದೇ ಕಾರಣಕ್ಕೆ ಭಾರತೀಯ ಹೆಂಗಸರಿಗೆ ವೈದ್ಯರು ಸೊಂಟದ ಸುತ್ತಳತೆಗೆ 80 ಸೆಂಟಿಮೀಟರ್ ಎಂಬ ಗಡಿ ಹಾಕಿದ್ದಾರೆ. ಗಂಡಸರಿಗೆ 90. ಅಂದಹಾಗೆ ಯಂತ್ರ ತಂದ ಆ ಪುಣ್ಯಾತ್ಮನ ಸೊಂಟವನ್ನು ಯಾರೂ ಅಳೆದಿಲ್ಲ.

"ಅವಳ ಆರೋಗ್ಯಕ್ಕೇ ತಾನೆ ಹೇಳುವುದು" ಎನ್ನುವವರು ನಮ್ಮ ಸಂಘದಲ್ಲೂ ಇದ್ದಾರೆ. ಆರೋಗ್ಯದ ಕಾಳಜಿಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಜನಕ್ಕೆ ರಕ್ತಹೀನತೆ. ಹೆಂಡತಿಯ ರಕ್ತ ಪರೀಕ್ಷೆ ಮಾಡಿಸಿದ ಗಂಡಂದಿರು ಕೈ ಎತ್ತಲಿ ನೋಡೋಣ! ಊಟ ತಪ್ಪಿಸುವವನಿಗೆ ಬೇಕಾಗಿರುವುದು ಅವಳ ಆರೋಗ್ಯವಲ್ಲ. ವಧುಪರೀಕ್ಷೆಯ ದಿನ ಬಣ್ಣ, ಎತ್ತರ, ಮೈಕಟ್ಟು ನೋಡಿ ಬೆಲೆ ಕಟ್ಟಿದ ಕಣ್ಣೇ ಮದುವೆಯಾಗಿ ಹತ್ತು ವರ್ಷವಾದರೂ ಲೆಕ್ಕ ಹಾಕುತ್ತಿದೆ. ದಪ್ಪವಾದಳು ಎಂಬುದು ಮತ್ತಷ್ಟು ತಾ ಎನ್ನಲು ಒಂದು ನೆಪ. ತೆಳ್ಳಗಿದ್ದರೆ ಬೇರೆ ನೆಪ ಸಿಗುತ್ತಿತ್ತು.

ತೂಕ ನೋಡಲೇಬಾರದೆಂದು ನಾನು ಹೇಳುತ್ತಿಲ್ಲ. ಗರ್ಭಿಣಿಗೆ, ಅಂಗನವಾಡಿಯ ಮಗುವಿಗೆ ಅದು ಬೇಕು. ಕಾರಣವಿಲ್ಲದೆ ತೂಕ ಇಳಿದರೆ ವೈದ್ಯರನ್ನು ಕಾಣಲೇಬೇಕು. ಆದರೆ ಯಂತ್ರದ ಮೇಲೆ ನಿಲ್ಲುವವಳು ತನ್ನಿಚ್ಛೆಯಿಂದ ನಿಲ್ಲಬೇಕು.

2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 3ನೇ ಕಲಮು ಓದಿ. ಹೊಡೆತ ಬಿದ್ದರೆ ಮಾತ್ರ ಹಿಂಸೆ ಎಂದು ಅದು ಹೇಳುವುದಿಲ್ಲ. ಅವಮಾನ, ಗೇಲಿ, ಅಡ್ಡಹೆಸರಿಟ್ಟು ಕರೆಯುವುದು ಹಿಂಸೆಯೇ. ವರದಕ್ಷಿಣೆಗಾಗಿ ಪೀಡಿಸುವುದೂ ಅದರಲ್ಲಿ ಸೇರಿದೆ. ದೂರು ಕೊಡಲು ರಕ್ಷಣಾಧಿಕಾರಿಯ ಬಳಿಗೆ ಹೋಗಬಹುದು. 181ಕ್ಕೆ ಫೋನ್ ಮಾಡಬಹುದು.

ಮುಂದಿನ ಭಾನುವಾರ ಬೆಳಿಗ್ಗೆ ನಾವು ಏಳು ಜನ ಅವಳ ಮನೆಗೆ ಹೋಗಿ ಕೂತೆವು. ಜಗಳವಾಡಲಿಲ್ಲ. "ಯಂತ್ರ ತನ್ನಿ, ಮೊದಲು ಯಜಮಾನರು ನಿಲ್ಲಲಿ" ಎಂದೆವು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅತ್ತೆ ಕಾಫಿ ಕೊಟ್ಟರು, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡೇ. ಯಂತ್ರ ಈಗ ಮಂಚದ ಕೆಳಗಿದೆಯಂತೆ. ಅದು ಯಾವಾಗ ಮತ್ತೆ ಹೊರಗೆ ಬರುತ್ತದೋ ಗೊತ್ತಿಲ್ಲ, ಅದಕ್ಕೇ ಸರದಿಯ ಮೇಲೆ ಭಾನುವಾರ ಇಬ್ಬಿಬ್ಬರು ಹೋಗಿಬರುತ್ತಿದ್ದೇವೆ. ಸಂಘದಲ್ಲಿ ಟೈಲರಿಂಗ್ ಮಾಡುವವರು ಈ ತಿಂಗಳ ಸಭೆಗೆ ಅಳತೆ ಟೇಪು ತರುತ್ತಾರೆ. ರಕ್ತ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಲ್ಲರೂ ಒಟ್ಟಿಗೆ ಹೋಗುವುದೆಂದು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದೇವೆ. ಅವಳ ಸಹಿ ಮೊದಲನೆಯದು.