ಜಗ್ಗೇಶ್: ನಗಿಸಿದ್ದಾಯ್ತು, ಶಹಾಬಾದ ಕಲ್ಲಿನ ಮಾತು ಯಾವಾಗ?

ಶಹಾಬಾದ: ಹಾಸ್ಯದಿಂದ ಹೆಸರಾದ ನಟ ಜಗ್ಗೇಶ್ ರಾಜಕೀಯಕ್ಕೂ ಸಿನಿಮಾದಷ್ಟೇ ತಿರುವು. 2008ರಲ್ಲಿ ತುರುವೇಕೆರೆಯಿಂದ ಕಾಂಗ್ರೆಸ್ ಶಾಸಕರಾದರು, ಕೆಲ ತಿಂಗಳಲ್ಲೇ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 2022ರ ಜೂನ್‌ನಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ವಿವಾದ ಎದ್ದು, ಅರಣ್ಯಾಧಿಕಾರಿಗಳು ಮನೆ ತನಕ ಹೋದರು.

ಅವರು ರಾಜಕೀಯ ಮಾತಾಡಿದ್ರ ಒಂದಿಷ್ಟು ಮಂದಿ ಚಪ್ಪಾಳೆ ತಟ್ತಾರ, ಒಂದಿಷ್ಟು ಮಂದಿ ಬೈತಾರ. ಮೊಬೈಲ್‌ನ್ಯಾಗ ನೋಡಿ ಅಲ್ಲಿಗೇ ಬಿಡ್ತಾರ. ಆದ್ರ ರಾಜ್ಯಸಭಾ ಸದಸ್ಯರನ್ನ ಆರಿಸೋರು ಶಾಸಕರು. ಅವರು ಜನರ ಮುಂದ ಓಟು ಕೇಳೋಕ ಬರೋದಿಲ್ಲ, ಆದ್ರ ಪ್ರತಿನಿಧಿಸೋದು ಇಡೀ ಕರ್ನಾಟಕ. ಅದ್ರಾಗ ಶಹಾಬಾದನೂ ಬಂತು.

ಇಲ್ಲಿನ ಹಾಸುಗಲ್ಲು ದೇಶದ ಮನೆಗಳಿಗೆ ನೆಲವಾಗ್ಯದ. ಕಲ್ಲು ಒಡೆಯೋ ಕೂಲಿಕಾರನ ಎದೆಗೆ ಧೂಳು ಉಳಿದದ. ಅವಧಿ 2028ರ ತನಕ ಅದ. ಅವರ ಜೋಕಿನ ಲೆಕ್ಕ ಬ್ಯಾಡ, ಈ ಕಲ್ಲಿನ ಬಗ್ಗೆ ಸದನದಾಗ ಏನು ಕೇಳಿದ್ರು ಅನ್ನೋ ಲೆಕ್ಕ ಮಂದಿ ಕೇಳಬೇಕು.