ಜರ್ಮನ್ ಕಾದಂಬರಿಯಲ್ಲಿ ದೇವರ ಅನ್ವೇಷಣೆ

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನಿಕನ ಸೊಂಟಪಟ್ಟಿಯ ಬಿಲ್ಲೆಯ ಮೇಲೆ ‘ದೇವರು ನಮ್ಮೊಡನಿದ್ದಾನೆ’ ಎಂಬ ಮಾತು ಅಚ್ಚಾಗಿರುತ್ತಿತ್ತು. ಆ ಮಾತನ್ನು ಧರಿಸಿದ್ದವರು ಏನೇನು ಮಾಡಿದರೆಂಬುದನ್ನು ಲೋಕವೆಲ್ಲ ಬಲ್ಲದು. ಅದಾದ ಮೇಲೆ ಅದೇ ಭಾಷೆಯಲ್ಲಿ ಕಾದಂಬರಿಕಾರನು ದೇವರ ಹೆಸರೆತ್ತುವುದು ಹೇಗೆ? ಈ ಪ್ರಶ್ನೆಯಿಂದಲೇ ನಾನು ಮೂರು ಕಾದಂಬರಿಗಳನ್ನು ಓದಿದೆನು.

ಆ ಸೈನ್ಯದಲ್ಲಿದ್ದು ಮರಳಿದ ಹೈನ್‌ರಿಶ್ ಬೋಲ್ 1953ರಲ್ಲಿ ‘ಅವನು ಒಂದು ಮಾತನ್ನೂ ಆಡಲಿಲ್ಲ’ ಎಂಬ ಕೃತಿಯನ್ನು ಪ್ರಕಟಿಸಿದನು. ಯುದ್ಧದಿಂದ ಹಾಳಾದ ನಗರದ ಒಂದೇ ಕೋಣೆಯಲ್ಲಿ ಬಡ ಸಂಸಾರವೊಂದು ಬಾಳುತ್ತಿದೆ. ಇಕ್ಕಟ್ಟನ್ನು ತಾಳಲಾರದೆ ಗಂಡನು ಹೊರಟುಹೋಗಿದ್ದಾನೆ. ನೆರೆಯಾಕೆ ತಪ್ಪದೆ ಇಗರ್ಜಿಗೆ ಹೋಗುವ ಧರ್ಮಿಷ್ಠೆ. ಆಕೆಯಿಂದ ಆ ಸಂಸಾರಕ್ಕೆ ದೊರೆಯುವುದು ತಾತ್ಸಾರವೊಂದೇ. ಬೋಲ್ ಕ್ಯಾಥೊಲಿಕ್ ಮತದವನು. ಆತನ ಸಿಟ್ಟು ದೇವರ ಮೇಲಲ್ಲ, ದೇವರನ್ನು ಉಳ್ಳವರ ಸ್ವತ್ತಾಗಿಸಿದವರ ಮೇಲೆ.

ಬೋಲನಿಗೆ ಜಗಳವಾಡಲು ಎದುರಾಳಿಯಾದರೂ ಇದ್ದನು. ಅರುವತ್ತು ವರ್ಷಗಳ ತರುವಾಯ, 2013ರಲ್ಲಿ, ಡೇನಿಯಲ್ ಕೆಲ್ಮಾನ್ ಬರೆದ ‘ಎಫ್’ ಕಾದಂಬರಿಯಲ್ಲಿ ಆ ಜಗಳವೂ ಉಳಿದಿಲ್ಲ. ಅಲ್ಲಿಯ ಮಾರ್ಟಿನ್ ಪಾದ್ರಿಗೆ ಎಷ್ಟು ಪ್ರಯತ್ನಿಸಿದರೂ ದೇವರಲ್ಲಿ ನಂಬಿಕೆ ಹುಟ್ಟದು. ಆದರೂ ಆತನು ಪೂಜೆ ನಡೆಸುತ್ತಾನೆ, ಪಾಪನಿವೇದನೆಗೆ ಕಿವಿಗೊಡುತ್ತಾನೆ. ಓದುವಾಗ ಮೊದಲು ನನಗೆ ನಗು ಬಂದಿತು, ಬಳಿಕ ಬರಲಿಲ್ಲ. ನಂಬದವನ ಮುಂದೆಯೂ ಜನ ಬಂದು ಅಳಲನ್ನು ತೋಡಿಕೊಳ್ಳುತ್ತಾರೆ. ಕೇಳುವವನೊಬ್ಬನು ಬೇಕೆಂಬ ಹಂಬಲ ನಂಬಿಕೆಯೊಡನೆ ಅಳಿಯುವುದಿಲ್ಲ.

ಸಿಬಿಲ್ಲೆ ಲೆವಿಟ್ಶಾರೋಫ್ 2011ರಲ್ಲಿ ಬರೆದ ‘ಬ್ಲೂಮೆನ್‌ಬೆರ್ಗ್’ ಇನ್ನೂ ವಿಚಿತ್ರವಾದುದು. ಒಂದು ರಾತ್ರಿ ತತ್ತ್ವಜ್ಞಾನಿಯೊಬ್ಬನ ಓದುಕೋಣೆಯಲ್ಲಿ ಸಿಂಹವೊಂದು ಕಾಣಿಸಿಕೊಳ್ಳುತ್ತದೆ. ಅದು ಅವನ ಉಪನ್ಯಾಸಕ್ಕೂ ಬರುತ್ತದೆ, ವಿದ್ಯಾರ್ಥಿಗಳಿಗೆ ಕಾಣದು. ವಯೋವೃದ್ಧ ಸಂನ್ಯಾಸಿನಿಯೊಬ್ಬಳಿಗೆ ಕಾಣುತ್ತದೆ. ಅದು ಭ್ರಾಂತಿಯೋ ದೈವವೋ ಎಂಬುದನ್ನು ಲೇಖಕಿ ತೀರ್ಮಾನಿಸುವುದಿಲ್ಲ. ಪಂಡಿತನೂ ಅದನ್ನು ಅಟ್ಟದೆ, ಅದರ ಸನ್ನಿಧಿಯಲ್ಲಿಯೇ ತನ್ನ ಕೆಲಸವನ್ನು ಮುಂದುವರಿಸುತ್ತಾನೆ.

ಧರ್ಮಬೋಧೆ ಕಾದಂಬರಿಯ ಕೆಲಸವಲ್ಲವೆಂದು ನಾನು ತರಗತಿಯಲ್ಲಿ ಹೇಳುತ್ತ ಬಂದವನು. ಈಗಲೂ ಹಾಗೆಯೇ ಹೇಳುವೆನು. ಆದರೆ ದೇವರ ಮಾತೆತ್ತುವ ಕಾದಂಬರಿಕಾರನು ಕಾಲಕ್ಕೆ ಹಿಂದುಳಿದವನೆಂದೂ ಸೇರಿಸುತ್ತಿದ್ದೆನಲ್ಲ, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಈ ಮೂರು ಕೃತಿಗಳಲ್ಲಿ ಒಂದಾದರೂ ದೇವರು ತಮ್ಮ ಪಕ್ಷದವನೆಂದು ಹೇಳುವುದಿಲ್ಲ. ಅವನನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದವರ ಮಕ್ಕಳೂ ಮೊಮ್ಮಕ್ಕಳೂ ಇಂದು ಬರಿಗೈಯಲ್ಲಿ ಅರಸುತ್ತಿದ್ದಾರೆ. ದೇವರು ತಮ್ಮವನೆಂದು ಗಟ್ಟಿಯಾಗಿ ಸಾರುವವರ ಧ್ವನಿ ಎಲ್ಲೆಡೆಯೂ ಏರುತ್ತಿರುವ ಈ ದಿನಗಳಲ್ಲಿ ನನಗೆ ಆ ಬರಿಗೈಯೇ ಹೆಚ್ಚು ಪೂಜ್ಯವಾಗಿ ತೋರುತ್ತದೆ.