ಲಕ್ಕಮ್ಮ ಹಾಕಿದ ಮಿತಿ

ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೊಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ 2023ರ ಅಕ್ಟೋಬರ್‌ನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತಿನಲ್ಲಿ ಅದು 90 ಗಂಟೆಗೆ ಏರಿತು. ಇಂಥ ಚರ್ಚೆ ಎದ್ದಾಗ ನಮ್ಮಲ್ಲಿ ಶರಣರ ಕಾಯಕ ತತ್ವವನ್ನು ಬಿಡುವಿಲ್ಲದ ದುಡಿಮೆಯ ಪರವಾಗಿ ಸಾಕ್ಷಿಗೆ ಕರೆಯುವುದುಂಟು. ಶರಣರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬಾ ಎಂದು ಕಳಿಸಿದಳೆಂಬುದು ಶರಣ ಪರಂಪರೆಯ ಕಥೆ. ಆ ಅಕ್ಕಿ ಕದ್ದದ್ದಾಗಿರಲಿಲ್ಲ, ಮೈಮುರಿದು ಗಳಿಸಿದ್ದೇ. ಆದರೂ ದಿನದ ಅಗತ್ಯ ಮೀರಿದ್ದು ಆಸೆಯ ಪಾಲು ಎಂದು ಅವಳು ಕಂಡಳು. ದುಡಿಯದೆ ಉಣ್ಣಬಾರದು, ದುಡಿದದ್ದನ್ನು ಕೂಡಿಡಲೂಬಾರದು: ಕಾಯಕ, ದಾಸೋಹಗಳನ್ನು ಬೇರ್ಪಡಿಸಿದರೆ ಉಳಿಯುವುದು ಬರೀ ಚಾಕರಿ.

ಬಡ ದೇಶಕ್ಕೆ ಇಷ್ಟು ಸಾಕು ಎನ್ನುವ ಅನುಕೂಲ ಎಲ್ಲಿದೆ ಎಂದು ಕೇಳುವವರಿದ್ದಾರೆ. ಲಕ್ಕಮ್ಮನಿಗಿಂತ ಬಡವರು ಯಾರಿದ್ದರು? ಯುದ್ಧಾನಂತರದ ಜರ್ಮನಿ, ಜಪಾನ್‌ಗಳನ್ನು ನೋಡಿ ಎಂದು ಮೂರ್ತಿ ಹೇಳಿದ್ದರಲ್ಲಿ ತೂಕವಿದೆ. ಸ್ವತಃ ದುಡಿದು ಸಂಸ್ಥೆ ಕಟ್ಟಿದವರ ಮಾತು ಅದು. ಆದರೆ ಅತಿದುಡಿಮೆಯಿಂದ ಜನ ಸಾಯುವುದನ್ನು ಕಂಡ ಜಪಾನ್ 2018ರಲ್ಲಿ ಹೆಚ್ಚುವರಿ ದುಡಿಮೆಗೆ ಕಾನೂನಿನ ಕಡಿವಾಣ ಹಾಕಿತು. ಇಂದು ಜಗತ್ತಿನ ಸಿರಿವಂತ ದೇಶಗಳ ಪೈಕಿ ಅತಿ ಕಡಿಮೆ ಗಂಟೆ ದುಡಿಯುವವರ ಸಾಲಿನಲ್ಲಿ ಜರ್ಮನ್ನರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಇಲ್ಲವೇ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಎಪ್ಪತ್ತರ ಮಾತು ಆಮೇಲಿನದು.

ಸ್ವಂತ ಇಷ್ಟದಿಂದ ಹಗಲಿರುಳು ದುಡಿಯುವವರನ್ನು ತಡೆಯುವುದೇಕೆ ಎಂಬ ಪ್ರಶ್ನೆಯೂ ಇದೆ. ತಡೆಯಬೇಕಿಲ್ಲ. ತಾನೇ ಕಟ್ಟಿದ ಕಂಪನಿಗೆ ಮೈ ಸವೆಸುವವನಿಗೆ ಫಲವೂ ಸಿಗುತ್ತದೆ, ನಿಲ್ಲಿಸುವ ಅಧಿಕಾರವೂ ಅವನದೇ. ತಿಂಗಳ ಸಂಬಳದ ನೌಕರನಿಗೆ ಎರಡೂ ಇಲ್ಲ. ಅವನ ಮನೆಯಲ್ಲಿ ಅಡುಗೆ, ಮಕ್ಕಳು, ಹಿರಿಯರ ಹೊರೆಯೆಲ್ಲ ಬಹುಪಾಲು ಹೆಂಡತಿಯ ಹೆಗಲಿಗೆ ಬೀಳುತ್ತದೆ, ಆ ಗಂಟೆಗಳನ್ನು ಯಾರೂ ಎಣಿಸುವುದಿಲ್ಲ. ಕಾರ್ಖಾನೆ ಕಾರ್ಮಿಕರಿಗೆ ವಾರಕ್ಕೆ 48 ಗಂಟೆಯ ಮಿತಿಯನ್ನು 1948ರ ಕಾರ್ಖಾನೆ ಕಾಯ್ದೆಯೇ ಹಾಕಿತ್ತು. ಅದನ್ನು ಮೀರಿ ದುಡಿಯಿರಿ ಎಂದು ಕರೆ ಕೊಡುವವರು, ಆ ಹೆಚ್ಚುವರಿ ಗಂಟೆಗಳ ಗಳಿಕೆ ಯಾರ ಮನೆ ಸೇರುತ್ತದೆ ಎಂಬುದನ್ನು ಮೊದಲು ಹೇಳಲಿ.